ಕಾಕಾನ ಆಸಿಡ್

ನಮ್ಮ ಕಾಕಾನ ಎದುರು ದೇವರಿಲ್ಲ ಅಂದರೂ ನಡೆಯುತ್ತಿತ್ತು. ಕಾರ್ಬನ್ ಡೈಆಕ್ಸೈಡ್ ಒಂದು ಆಸಿಡ್ ಅಂದಿರೋ, ನಿಮ್ಮ ಕತೆ ಮುಗಿದಂತೆ! ಅಂದವರು ಬೀಗರಾಗಲಿ, ಸ್ವಾಮಿಗಳಾಗಲಿ, ಕಾಕಾ ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾದಕ್ಕೆ ನಿಂತುಬಿಡುತ್ತಿದ್ದ. ಎಪ್ಪತ್ತರ ದಶಕದಲ್ಲಿ ಆತ ಪಕ್ಕದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕುಬಿಹಾಳದ ನಮ್ಮ ಮನೆಯಿಂದ ದಿನಾ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದ. ಅವನ ಹಠವನ್ನು ಕುಂದಗೋಳ ತಾಲೂಕಿಗೆಲ್ಲ ಹಂಚಿದ್ದರೂ ಸಾಕಷ್ಟು ಮಿಗುತ್ತಿತ್ತು.

ವಾದ ಇಷ್ಟೇ. ಆ ಗ್ಯಾಸು ಒಣಗಿರುವಷ್ಟು ಹೊತ್ತು ಆಸಿಡ್ ಅಲ್ಲ, ನೀರಿನಲ್ಲಿ ಕರಗಿದ ಮೇಲೆಯೇ ಆಸಿಡ್. ನೀಲಿ ಲಿಟ್ಮಸ್ ಕಾಗದವನ್ನು ಒಣ ಗ್ಯಾಸಿನಲ್ಲಿ ಹಿಡಿದರೆ ನೀಲಿಯಾಗಿಯೇ ಇರುತ್ತದೆ, ಒದ್ದೆ ಮಾಡಿ ಹಿಡಿದರೆ ಕೆಂಪಗಾಗುತ್ತದೆ.

“ಲಗ್ನಾ ಆಗೂಕಿಂತ ಮೊದಲ ಯಾರನ್ನರ ಅಳಿಯಾ ಅಂತಾರೇನ್ರಿ?” ಎಂದು ಹೆಡ್ ಮಾಸ್ತರರನ್ನೇ ಕೇಳಿದ್ದ.

“ಎಲ್ಲಾರೂ ಆಸಿಡ್ ಅಂತಾರ, ನೀವೂ ಅಂದುಬಿಡ್ರಿ. ನಿಮ್ಮ ಗಂಟೇನ್ ಹೋಗ್ತೈತಿ?”

“ನೌಕರಿ ಬಿಡಂದ್ರ ಬಿಡ್ತೀನ್ರಿ. ಆ ಮಾತ ಮಾತ್ರ ನನ್ನ ಬಾಯಾಗ ಬರಂಗಿಲ್ಲ!”

ಆ ಮಳೆಗಾಲವೆಲ್ಲ ಇಬ್ಬರೂ ಮಾತು ಬಿಟ್ಟಿದ್ದರು. ಎದುರುಬದುರು ಕೂತು ಜವಾನನ ಕೈಲಿ ಹೇಳಿ ಕಳಿಸುತ್ತಿದ್ದರಂತೆ! ಜವಾನನೇ ಕಡೆಗೆ ಕೈಮುಗಿದು ರಾಜಿ ಮಾಡಿಸಿದ.

ಕಾಕಾನ ಖಾಸಾ ಶಿಷ್ಯನೆಂದರೆ ನಮ್ಮ ಮನೆಯ ಆಳು ದ್ಯಾಮಣ್ಣ. ಕಾಕಾನ ವಾರಿಗೆಯವನು, ಜೊತೆಗೇ ಆಡಿ ಬೆಳೆದವನು. ಒಮ್ಮೆ ಕಾಕಾನ ಸಂಗಡ ಸಾಲೆಯ ಕಪಾಟು ಒರೆಸಲು ಹೋದಾಗ ಆಸಿಡ್ ಹನಿ ಬಿದ್ದು ಅವನ ಹೊಸ ಧೋತರಕ್ಕೆ ತೂತಾಗಿತ್ತು. ಅಂದಿನಿಂದ ಆಸಿಡ್ ಎಂಬ ಹೆಸರು ಕೇಳಿದರೆ ಮಾರು ದೂರ ಸರಿಯುತ್ತಿದ್ದ. ಸಂಶಿಯ ಸಂತೆಯಲ್ಲಿ ಕಾಕಾ ಸೋಡಾಕ್ಕೆ ಲಿಟ್ಮಸ್ ಅದ್ದಿ, “ನೋಡ್ರಿ, ನೀರ ಕೂಡೇತಿ, ಈಗ ಆಸಿಡ್!” ಎಂದು ಗಿರಾಕಿಗಳಿಗೆಲ್ಲ ತೋರಿಸಿದಾಗ ದ್ಯಾಮಣ್ಣ ಸೋಡಾ ಕುಡಿಯುವುದನ್ನೇ ಬಿಟ್ಟ. ಅಂಗಡಿಯ ಹುಸೇನಸಾಬರು, “ಮಾಸ್ತರ, ನಿಮಗ ಪುಕ್ಕಟೆ ಕೊಡ್ತೀನಿ, ಆದ್ರ ಮನಿಗೆ ಒಯ್ದು ಕುಡೀರಿ” ಅಂದರು.

ಒಂದು ದಿನ ಹೆಡ್ ಮಾಸ್ತರರು ಜೋಳ ಒಯ್ಯಲು ಚಕ್ಕಡಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ಜೋಳವೆಲ್ಲ ಅಂಗಳದ ಹಗೇವಿನಲ್ಲಿತ್ತು. ನೆಲದೊಳಗೆ ತೋಡಿದ ಆ ಕಣಜವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಒಳಗೆಲ್ಲ ಕಾಕಾನ ಗ್ಯಾಸೇ! ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯುವುದು ರೂಢಿ. ಅಂದು ಆಗಷ್ಟೇ ಬಾಯಿ ತೆರೆದಿದ್ದರು. ಕಂದೀಲು ಇಳಿಸಿದೊಡನೆ ಆರಿತು. ಆದರೂ ಚಕ್ಕಡಿ ಕಾಯುತ್ತದೆಂದು ದ್ಯಾಮಣ್ಣ ಹಗ್ಗ ಹಿಡಿದು ಕಾಲು ಇಳಿಬಿಟ್ಟ.

ಪಡಸಾಲೆಯಲ್ಲಿದ್ದ ಕಾಕಾ ಕೂಗಿದ: “ಇಳೀಬ್ಯಾಡಲೇ! ಕಾರ್ಬನ್ ಡೈಆಕ್ಸೈಡ್ ತುಂಬೇತಿ, ಉಸುರ ಕಟ್ಟಿ ಸಾಯ್ತಿ!”

“ಒಣಾ ಗ್ಯಾಸ್ ಆಸಿಡ್ ಅಲ್ಲಂತ ನೀವ ಹೇಳೀರಲ್ರಿ ಮಾಸ್ತರ. ಹಗೇವಿನ್ಯಾಗ ನೀರೆಲ್ಲೈತ್ರಿ? ಆಸಿಡ್ ಅಲ್ಲಂದ ಮ್ಯಾಲ ಅದು ನನಗೇನ್ ಮಾಡ್ತೈತಿ?”

ಎಂಥ ಪಾಠ ಒಪ್ಪಿಸಿದ ನೋಡಿ! ಹೇಳುತ್ತಲೇ ಸೊಂಟದ ಮಟ ಇಳಿದಿದ್ದ. ಕಾಕಾ ಒಮ್ಮೆ ಹೆಡ್ ಮಾಸ್ತರರ ಮುಖ ನೋಡಿದ. ಮರುಕ್ಷಣ ಊರಿಗೆಲ್ಲ ಕೇಳುವಂತೆ ಚೀರಿದ.

“ಆಸಿಡ್ ಐತಲೇ ಅದು! ಒಣಾ ಇದ್ರೂ ಆಸಿಡ್ಡ! ಅಗದಿ ಖಡಕ್ ಆಸಿಡ್! ನಾ ಹೇಳಿದ್ದೆಲ್ಲಾ ಸುಳ್ಳ, ಮೈಗೆಲ್ಲಾ ತೂತ ಬೀಳ್ತಾವು, ಮ್ಯಾಲ ಬಾ!”

ದ್ಯಾಮಣ್ಣ ಮೇಲೆ ಹಾರಿ ಬಂದು ಮೊದಲು ಧೋತರ ತಡವಿ ನೋಡಿಕೊಂಡ!

ಹೆಡ್ ಮಾಸ್ತರರ ಮೀಸೆಯಡಿ ನಗೆ. “ಅಂತೂ ಒಪ್ಪಿದಂಗಾತಲ್ರಿ ಮಾಸ್ತರ?”

“ಹೂನ್ರಿ, ಒಪ್ಪೇನ್ರಿ,” ಎಂದ ಕಾಕಾ. ಹೋಗಿ ಹಗೇವಿನ ಬಾಯಿಗೆ ಅಡ್ಡ ನಿಂತ.

ಆಗ ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಸಂಜೆ ಕಟ್ಟೆಯ ಮೇಲೆ ಕೇಳಿದೆ, “ಖರೇ ಹೇಳು ಕಾಕಾ, ಅದು ಆಸಿಡ್ ಹೌದೋ ಅಲ್ಲೋ?”

“ದ್ಯಾಮ್ಯಾ ಎಲ್ಲಿದ್ದಾನ ನೋಡು ಮೊದಲ.”

“ಹಿತ್ತಲದಾಗ ಅದಾನ.”

“ಹಂಗಾರ ಆಸಿಡ್ಡ.”

ಸಾಲೆಯಲ್ಲಿ ಕಾಕಾ ಹಳೆಯ ಪಾಠವನ್ನೇ ಮಾಡುತ್ತಿದ್ದ. ಊರ ಅಗಸಿ ದಾಟಿ ಒಳಗೆ ಬಂದನೆಂದರೆ ಮುಗಿಯಿತು, ಆಸಿಡ್! ನಾವು ನಕ್ಕರೂ, ಹೆಡ್ ಮಾಸ್ತರರು ಮದುವೆಯ ಪಂಕ್ತಿಯಲ್ಲಿ ಕೂತು ಕೆಣಕಿದರೂ, ಅಷ್ಟೇ ಹಠದಿಂದ ಆ ಸುಳ್ಳಿಗೆ ಅಂಟಿಕೊಂಡ.

ಹಲವು ವರ್ಷಗಳ ಮೇಲೆ ದ್ಯಾಮಣ್ಣ ತನ್ನ ಮನೆಯಲ್ಲಿ, ತನ್ನ ಹಾಸಿಗೆಯ ಮೇಲೆ ತೀರಿಕೊಂಡ. ಮಣ್ಣು ಕೊಟ್ಟು ಬಂದ ಕಾಕಾ ಕಟ್ಟೆಯ ಮೇಲೆ ಕೂತ. ಹೆಡ್ ಮಾಸ್ತರರೂ ಬಂದು ಪಕ್ಕದಲ್ಲಿ ಕೂತರು. ಕಾಕಾ ಮುಚ್ಚಿದ ಹಗೇವಿನ ಕಡೆ ನೋಡಿದ. ಆಮೇಲೆ ಧೋತರದ ಚುಂಗು ಕೈಗೆತ್ತಿಕೊಂಡ. ಈ ಸಲ ಅದನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ, ಕಣ್ಣಿಗೆ ಒತ್ತಿಕೊಂಡ.

“ಅದು ಆಸಿಡ್ ಅಲ್ಲಲೇ, ದ್ಯಾಮ್ಯಾ,” ಎಂದ.

“ಅಲ್ಲ ಬಿಡ್ರಿ ಮಾಸ್ತರ,” ಎಂದರು ಹೆಡ್ ಮಾಸ್ತರರು.