ಮಾವನವರ ಫುಟ್‌ಸ್ವಿಚ್

ನಮ್ಮ ಮನೆಯಲ್ಲಿ ನನಗೆ ಮರ್ಯಾದೆ ಕಡಿಮೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ನೀವೇ ಕಂಡುಹಿಡಿದು ನೊಂದುಕೊಳ್ಳುವುದು ಬೇಡ. ಅಲ್ಪಸ್ವಲ್ಪ ಉಳಿದಿದ್ದದ್ದೂ ಕಳೆದ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹೋಯಿತು, ಒಂದು ಫುಟ್‌ಸ್ವಿಚ್ಚಿನ ದೆಸೆಯಿಂದ.

ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆಗೆ ಆಂಪ್ಲಿಫೈಯರ್ ಎನ್ನುತ್ತಾರೆ. ನುಡಿಸುವವನ ಎರಡು ಕೈಯೂ ತಂತಿಯ ಮೇಲಿರುತ್ತವೆ. ಆದ್ದರಿಂದ ಪೆಟ್ಟಿಗೆಯ ದನಿ ಬದಲಿಸಲು ನೆಲದ ಮೇಲೆ, ಕಾಲಲ್ಲಿ ಒತ್ತುವ ಒಂದು ಗುಂಡಿ. ಅದೇ ಫುಟ್‌ಸ್ವಿಚ್. (ಹೆಂಡತಿಯ ಪ್ರಕಾರ ಇಷ್ಟೇ. ನನ್ನ ಪ್ರಕಾರ ನೂರಾ ಎಂಬತ್ತು ಪುಟ.)

ನನ್ನ ಮಾವ ಮೂವತ್ತು ವರ್ಷ ಒಂದು ಹೋಟೆಲಿನ ಹಜಾರದಲ್ಲಿ, ಜನ ಊಟ ಮಾಡುವಾಗ ಗಿಟಾರ್ ನುಡಿಸಿದವರು. ಅವರ ಪೆಟ್ಟಿಗೆಯಲ್ಲಿ ಒಂದು ವಿಶೇಷವಿತ್ತಂತೆ. ಸ್ವರ ನೆಟ್ಟಗೆ ಬರದೆ, ಅಳು ತಡೆದುಕೊಂಡವರ ಮಾತಿನಂತೆ ನಡುಗುತ್ತಿತ್ತಂತೆ. ಮಾವ ತೀರಿಕೊಂಡ ಮೇಲೆ ಅತ್ತೆ ಎರಡು ಟ್ರಂಕು ಮತ್ತು ಆ ಪೆಟ್ಟಿಗೆಯೊಂದಿಗೆ ನಮ್ಮ ಮನೆಗೆ ಬಂದರು. ಅವರ ಬಲಗಿವಿ ಆಗಲೇ ಹೋಗಿತ್ತು. ಎಡಗಿವಿಗೆ ಡಾಕ್ಟರು ಎರಡು ವರ್ಷದ ಗಡುವು ಕೊಟ್ಟಿದ್ದರು. ಅತ್ತೆ ನನ್ನಲ್ಲಿ ಕೇಳಿದ್ದು ಒಂದೇ.

“ಅಳಿಯಂದಿರೇ, ಇರೋ ಕಿವಿ ಹೋಗೋದ್ರೊಳಗೆ ಆ ನಡುಕ ಇನ್ನೊಂದ್ಸಲ ಕೇಳಿಸ್ಬಿಡಿ.”

ನಾನು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತೇನೆ. ಹಳೆಯ ವಸ್ತುಗಳ ಕೆಳಗೆ ಯಾರೂ ಓದದ ಚಿಕ್ಕ ಚೀಟಿ ಇರುತ್ತದಲ್ಲ, ಅದನ್ನು ಬರೆಯುವವನು ನಾನೇ. ವಸ್ತುವಿನ ಜೊತೆ ಬಂದ ಯಾವುದನ್ನೂ ಎಸೆಯಬಾರದು, ಧೂಳನ್ನು ಕೂಡ ಬರೆದಿಟ್ಟೇ ಒರೆಸಬೇಕು ಎಂಬುದು ಅಲ್ಲಿಯ ನಿಯಮ. ಆದರೆ ಮನೆ ಎಂದರೆ ಮನೆ. ಪೆಟ್ಟಿಗೆ ಬಂದ ದಿನವೇ ಬನಿಯನ್ನಿನಲ್ಲಿ ಕೂತು ತಿಕ್ಕಿ ತೊಳೆದಂತೆ ಸ್ವಚ್ಛ ಮಾಡಿದೆ. ಸಂದುಗೊಂದುಗಳಿಂದ ಸತ್ತ ಜಿರಳೆ, ಟಿಕೆಟ್ಟಿನ ಚೂರು, ತುಕ್ಕು ಹಿಡಿದ ಹೇರ್‌ಪಿನ್, ಒಂದು ಅಂಗಿಗುಂಡಿ ಹೊರಬಂದವು. ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿದೆ.

“ನಿಮ್ಮ ಕಡೆಯವರು ಸಾಮಾನು ಇಟ್ಕೊಳ್ಳೋ ಲಕ್ಷಣ ನೋಡು.”

ಅವಳು ನೋಡಿದಳು. ನಾನು ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದೆ.

ಸಂಜೆ ಅವಳು ಅಪ್ಪನ ಗಿಟಾರ್ ತೆಗೆದು, ತನಗೆ ಬರುವ ನಾಲ್ಕೇ ಹಾಡಿನಲ್ಲಿ ಒಂದನ್ನು ನುಡಿಸಿದಳು. ಸದ್ದು ಬಂತು, ನಡುಕ ಬರಲಿಲ್ಲ. ಹಿಂಬದಿಯಲ್ಲಿ ಫುಟ್‌ಸ್ವಿಚ್ ಎಂದು ಬರೆದ ತೂತು ಬರಿದಾಗಿತ್ತು. ಆ ಕಾಲದ ಇಂಥ ಪೆಟ್ಟಿಗೆಗೆ ಸ್ವಿಚ್ ಸಿಕ್ಕಿಸದಿದ್ದರೆ ನಡುಕವೇ ಹುಟ್ಟುವುದಿಲ್ಲ ಎಂದು ಓದಿ ತಿಳಿದೆ. ಅಲ್ಲಿಂದ ನನ್ನ ಮಹಾಗ್ರಂಥ ಶುರುವಾಯಿತು: ‘ಪಾದಾಘಾತ ಯಂತ್ರಗಳ ಉಗಮ ಮತ್ತು ವಿಕಾಸ’. ನುಡಿಸುವವನು ಪ್ರತಿ ಸಲ ಬಗ್ಗಿ ಗುಂಡಿ ತಿರುಗಿಸುತ್ತಿದ್ದ ಅಂಧಯುಗ ಮೊದಲ ಅಧ್ಯಾಯ. ಒಂಟಿ ಗುಂಡಿಯ ಕಬ್ಬಿಣದ ಡಬ್ಬಿ ಎರಡನೆಯದು. ನಡುಕಕ್ಕೊಂದು, ಪ್ರತಿಧ್ವನಿಗೊಂದು ಎಂದು ಜೋಡಿ ಗುಂಡಿ ಬಂದ ಸುವರ್ಣಯುಗ ಮೂರನೆಯದು. ಮೊದಲು ಕಳೆದುಹೋಗುವುದು ಸ್ವಿಚ್ಚೇ ಎಂಬುದರ ಮೇಲೆ, ‘ಅಜ್ಞಾನಿ ಮಾಲೀಕರು’ ಎಂಬ ಖಾರವಾದ ಅಧ್ಯಾಯವನ್ನೂ ಬರೆದೆ.

ನಡುವೆ ಟಿ.ವಿ. ರಿಪೇರಿಯವನು ಬಂದಿದ್ದ. ಪೆಟ್ಟಿಗೆಯ ಹಿಂದೆ ಇಣುಕಿದ.

“ಸರ್, ಈ ತೂತಿನ ನಡುವಿಗೂ ಅಂಚಿಗೂ ಒಂದು ತುಂಡು ತಂತಿ ಮುಟ್ಟಿಸಿದ್ರೆ ಆಯ್ತು. ಸ್ವಿಚ್ ಮಾಡೋದೂ ಅಷ್ಟೇ. ಐದು ನಿಮಿಷದ ಕೆಲಸ.”

“ಕಿರೀಟ ಕಳೆದುಹೋದ್ರೆ ರಾಜನ ತಲೆಗೆ ಟವೆಲ್ ಸುತ್ತುತ್ತೀಯೇನಯ್ಯ?”

“ಚಳಿಯಾದ್ರೆ ಸುತ್ತಬೇಕಾಗುತ್ತೆ ಸರ್.”

“ಸುತ್ತಿಸ್ಬಿಡಿ ರೀ,” ಎಂದಳು ಹೆಂಡತಿ. “ಅಮ್ಮ ಕಾಯ್ತಾ ಇದ್ದಾಳೆ.”

“ಅದೇ ವರ್ಷದ ಅಸಲಿ ಸ್ವಿಚ್ಚೇ ಬರಬೇಕು. ಮಾವನವರಿಗೆ ನಾನು ಮಾಡೋ ಗೌರವ ಅದು,” ಎಂದೆ. ಹೇಳುವಾಗ ಕಣ್ಣಲ್ಲಿ ನೀರೂ ಬಂತು. (ನನ್ನ ಮಾತಿಗೆ ನಾನೇ ಕರಗಿಬಿಡುತ್ತೇನೆ.)

ಎರಡು ವರ್ಷ ನಾಲ್ಕು ತಿಂಗಳು ಹುಡುಕಿದೆ. ತಪ್ಪು ಸ್ವಿಚ್ಚುಗಳು ಏಳು ಬಂದವು. ಒಂದು ಬಾಗಿಲಿಗೆ ಅಡ್ಡವಾಯಿತು, ಒಂದು ಮೇಜಿನ ಗಿಡ್ಡ ಕಾಲಿನ ಕೆಳಗೆ ಸೇರಿತು, ಇನ್ನೊಂದು ಹೊಲಿಗೆ ಯಂತ್ರದ್ದು ಎಂದು ಹೆಂಡತಿ ಪತ್ತೆ ಮಾಡಿದಳು. ಅಷ್ಟರಲ್ಲಿ ಅತ್ತೆಗೆ ಮೊದಲು ಬಾಗಿಲ ಗಂಟೆ ಕೇಳಿಸದಾಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನನ್ನ ಹಾಸ್ಯ. ಈ ಕೊನೆಯದಕ್ಕೆ ಹೆಂಡತಿ ಅಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟಳು. ಪ್ರತಿ ಭಾನುವಾರವೂ ಅತ್ತೆ ಕೇಳುವರು, “ನಡುಕ ಬಂತಾ?” ನಾನು ಬೆರಳಲ್ಲಿ ‘ಇನ್ನೊಂಚೂರು’ ಎಂದು ತೋರಿಸುವೆ.

ಕೊನೆಗೂ ಅಸಲಿ ಬಂತು. ಒಂಟಿ ಗುಂಡಿ, ಗುಂಡನೆಯ ಕಬ್ಬಿಣದ ಡಬ್ಬಿ, ಅದೇ ವರ್ಷದ್ದು. ಭಾನುವಾರ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿ ಪುಟ್ಟ ಭಾಷಣ ಮಾಡಿದೆ. ಹೆಂಡತಿ ನುಡಿಸಿದಳು, ನಾನು ಕಾಲಿಟ್ಟು ಒತ್ತಿದೆ. ಸ್ವರ ನಡುಗಿತು. ಹೆಂಡತಿ ಅಲ್ಲೇ ಅತ್ತುಬಿಟ್ಟಳು. ನಾನು ಹೆಮ್ಮೆಯಿಂದ ಅತ್ತೆಯ ಮುಖ ನೋಡಿದೆ.

“ಶುರು ಮಾಡಿದ್ರಾ?” ಎಂದರು ಅತ್ತೆ.

ಸದ್ದು ಏರಿಸಿದೆ. ಕಿಟಕಿಯ ಗಾಜು ಗಡಗಡ ಎಂದಿತು. ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು, ಅವರಿಗೆ ಅರ್ಥವಾಗಿರಬೇಕು. ನನ್ನನ್ನೇ ಸಮಾಧಾನ ಮಾಡಲು ಶುರುಮಾಡಿದರು.

“ಬೇಜಾರು ಮಾಡ್ಕೋಬೇಡಿ. ಆ ಗುಂಡಿ ಸರಿಯಿಲ್ಲ ಅನ್ಸುತ್ತೆ. ನಿಮ್ಮ ಮಾವ ಗುಂಡಿ ಗಿಂಡಿ ಇಟ್ಕೊಂಡೋರಲ್ಲ, ಅದು ಮೊದಲನೇ ವರ್ಷವೇ ಕಳೆದುಹೋಯ್ತು. ನನ್ನ ಹೇರ್‌ಪಿನ್ ಬಗ್ಗಿಸಿ ಹಿಂದಿನ ತೂತಿಗೆ ಸಿಕ್ಸಿದ್ರು. ಕೊನೇವರೆಗೂ ಅದರಲ್ಲೇ ನುಡ್ಸಿದ್ದು. ಅಲ್ಲೇ ಇರುತ್ತೆ, ನೋಡಿ.”

ಹೆಂಡತಿ ಗಿಟಾರ್ ಕೆಳಗಿಟ್ಟಳು. ಎದ್ದು ಹೋಗಿ ಆಂಪ್ಲಿಫೈಯರ್ ಆರಿಸಿದಳು. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನಿಮ್ಮ ಆಫೀಸಲ್ಲಿ ಅದೇನೋ ನಿಯಮ ಇದೆ ಅಂತಿದ್ರಲ್ಲ,” ಎಂದಳು.

“ವಸ್ತುವಿನ ಜೊತೆ ಬಂದ ಯಾವುದನ್ನೂ ಎಸೆಯಬಾರದು.”

“ಹ್ಞಾಂ. ಅದೇ.”

ಅತ್ತೆಗೆ ಇದೊಂದೂ ಕೇಳಿಸಲಿಲ್ಲ. ತಮ್ಮ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ನನ್ನ ಬೆರಳುಗಳನ್ನು ಮಡಚಿ, ಮೇಲೆ ತಮ್ಮ ಎರಡು ಕೈಯನ್ನೂ ಇಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು.

“ಬಂತು ನೋಡಿ,” ಎಂದರು. “ಹೀಗೇ ನಡುಗ್ತಾ ಇತ್ತು.”

ಪೆಟ್ಟಿಗೆ ಆರಿತ್ತು. ಅವರು ಹಿಡಿದುಕೊಂಡಿದ್ದದ್ದು ನನ್ನ ಕೈ.