ಅನುಮತಿ ಇಲ್ಲವೆಂದು ಹೇಳಿ ಕೊನೆಗೆ ಮಾತು ತಪ್ಪಿದ ಪೆಂಗ್ವಿನ್ ಅವರಿಗೆ

ಇದನ್ನು ಓದಲು ಕೂತಿರುವವರಿಗೆ ಮೊದಲು ಒಂದು ಮಾತು. ಇನ್ನೊಬ್ಬರಿಗೆ ಬರೆದ ಕಾಗದ ಓದಬಾರದೆಂದು ನಿಮ್ಮ ಮನೆಯಲ್ಲಿ ಯಾರೂ ಹೇಳಿಕೊಡಲಿಲ್ಲವೇ? ಬಹಿರಂಗ ಪತ್ರ ಅಂದ ಮಾತ್ರಕ್ಕೆ ಕಾಲ ಮೇಲೆ ಕಾಲು ಹಾಕಿಕೊಂಡು, ಒಂದು ಕೈಯಲ್ಲಿ ಚಹಾ ಹಿಡಿದುಕೊಂಡು ಓದಿಬಿಡುವುದೇ? ಬಾಗಿಲು ತೆರೆದಿದೆಯೆಂದು ಯಾರ ಮನೆಗಾದರೂ ನುಗ್ಗುತ್ತೀರಾ? ಹೋಗಲಿ, ಬಂದದ್ದಾಯಿತು, ನೆಟ್ಟಗೆ ಕೂತುಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಕಾಗದ ನಿಮಗಲ್ಲ, ನಮ್ಮ ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಹೊಟ್ಟೆ ಮುಂದೆ ಬಿಟ್ಟುಕೊಂಡು ಕೂತಿರುವ ಹಕ್ಕಿಗೆ.

ಮಾನ್ಯ ಪೆಂಗ್ವಿನ್ ಅವರೇ,

ಕಪ್ಪು ಕೋಟು, ಬಿಳಿ ಅಂಗಿ ತೊಟ್ಟು ನಮ್ಮ ಮುಂಗೋಣೆಯಲ್ಲಿ ಸದಾ ಸೇವೆಗೆ ಸಿದ್ಧರಾಗಿರುವ ತಮಗೆ ಅನಂತ ವಂದನೆಗಳು. ತಮ್ಮ ಕೊಕ್ಕು, ರೆಕ್ಕೆ, ಮನೆಯವರು, ಮೊಟ್ಟೆಗಳು ಎಲ್ಲವೂ ಕ್ಷೇಮವೆಂದು ನಂಬಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ನ್ಯಾಯವಾಗಿ ಇದು ಸಲ್ಲಬೇಕಾದದ್ದು ನನ್ನ ಅಳಿಯಂದಿರಿಗೆ. ಲಿಫ್ಟ್ ರಿಪೇರಿಯ ಕೆಲಸದವರಾದ ಅವರು, ಹಳೆಯ ಕಂಪ್ಯೂಟರು ತೆವಳುತ್ತಿದೆಯೆಂದು ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ತೊಳೆದು, ಪುಕ್ಕಟೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಲಿನಕ್ಸ್ ಎಂಬುದನ್ನು ತುಂಬಿ, ಅದರ ಗುರುತಿನ ಹಕ್ಕಿಯಾದ ತಮ್ಮನ್ನು ಪರದೆಯ ಮೇಲೆ ತಂದು ಕೂರಿಸಿದರು. ಆದರೆ ಅಳಿಯನ ಮನೆಯಲ್ಲೇ ಉಣ್ಣುವ ಅತ್ತೆ ಅಳಿಯನನ್ನು ಬೈಯುವಂತಿಲ್ಲ, ಮಗಳನ್ನು ಬೈದರೆ ಅವಳು ಬಡ್ಡಿ ಸಮೇತ ತಿರುಗಿ ಬೈಯುತ್ತಾಳೆ. ಎಷ್ಟು ಬೈದರೂ ಮುಖ ತಿರುಗಿಸದೆ ಕೂತಿರುವ ಸಭ್ಯರು ಈ ಮನೆಯಲ್ಲಿ ತಾವೊಬ್ಬರೇ.

ವಿಷಯ ಏನೆಂದರೆ, ನನ್ನ ಅಕ್ಕ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲೆಂದು ನಮ್ಮಲ್ಲಿಗೆ ಬಂದಳು. ಸೆಟ್ಟು ಬಂತು, ಬಾಯಲ್ಲಿ ಕೂತಿತು, ಅಗಿಯಲು ಕಲಿಯಿತು. ಅಕ್ಕ ಮಾತ್ರ ಏಳಲಿಲ್ಲ. ನನ್ನ ಮಗಳ ಮದುವೆಯ ವಿಡಿಯೊ ಡಿಸ್ಕಿನ ಒಂದು ಪ್ರತಿ ಕೈಗೆ ಬರುವವರೆಗೂ ತನ್ನ ಮಗನ ಮನೆಗೆ ಹಿಂತಿರುಗುವುದಿಲ್ಲವೆಂದು ಹಠ ಹಿಡಿದಳು. ಆ ಮದುವೆಯಲ್ಲಿ, ಬೀಗರೆಲ್ಲ ನೋಡುತ್ತಿರುವಾಗ, ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು ನಾನು ನೆಲಕ್ಕೆ ಬಿದ್ದೆ. ಅಕ್ಕ ನಕ್ಕಳು. ಅವಳನ್ನು ಕೇಳಿದರೆ, ನಗಲೇ ಇಲ್ಲವಂತೆ, ಕೈಯಲ್ಲಿದ್ದ ತಟ್ಟೆ ಎಸೆದು ಎತ್ತಲು ಓಡಿ ಬಂದಳಂತೆ. ಡಿಸ್ಕು ನೋಡುವ ಪೆಟ್ಟಿಗೆ ಮದುವೆಯ ಮರುವರ್ಷವೇ ಕೆಟ್ಟುಹೋದದ್ದರಿಂದ ಮಾತು ಅಲ್ಲಿಗೇ ನಿಂತಿತು. ಮಗಳ ತಲೆ ನರೆಯತೊಡಗಿದೆ, ನಮ್ಮ ಜಗಳದ ಒಂದು ಕೂದಲೂ ನರೆತಿಲ್ಲ.

ಅಕ್ಕ ಇಲ್ಲಿರುವುದರಿಂದ ನನಗಾಗುತ್ತಿರುವ ಕಷ್ಟವನ್ನೂ ತಾವು ತಿಳಿಯಬೇಕು. ಮಂಚದ ಕಿಟಕಿಯ ಬದಿ ಅವಳದು. ನಾನು ಈರುಳ್ಳಿ ಹುರಿದರೆ ಕಪ್ಪಾಯಿತು ಅನ್ನುತ್ತಾಳೆ, ಇಳಿಸಿದರೆ ಹಸಿ ಅನ್ನುತ್ತಾಳೆ. ಚಿಕ್ಕಂದಿನಲ್ಲಿ ನನ್ನನ್ನು ಮೊಂಡಿ ಎಂದು ಕರೆಯುತ್ತಿದ್ದವಳು ಈಗಲೂ ಅಳಿಯಂದಿರ ಎದುರಿಗೇ, "ಲೇ ಮೊಂಡಿ, ನನ್ನ ಹಲ್ಲೆಲ್ಲಿ ಇಟ್ಟೆ?" ಎಂದು ಕೂಗುತ್ತಾಳೆ. ಇಂಥವಳನ್ನು ಬೇಗ ಬಸ್ಸು ಹತ್ತಿಸಬೇಕೆಂದು ಯಾರಿಗೆ ಅನ್ನಿಸುವುದಿಲ್ಲ, ಹೇಳಿ.

ತಾವು ಮಾತ್ರ ಡಿಸ್ಕನ್ನು ಬಾಯಿಗೆ ಹಾಕಿಕೊಂಡ ಮೊದಲ ದಿನವೇ ಘನತೆಯಿಂದ "ಅನುಮತಿ ನಿರಾಕರಿಸಲಾಗಿದೆ" ಎಂದು ತಿಳಿಸಿದಿರಿ. ಅಳಿಯಂದಿರು ನನಗೆಂದೇ ಪರದೆಯನ್ನು ಕನ್ನಡಕ್ಕೆ ತಿರುಗಿಸಿಟ್ಟಿರುವುದರಿಂದ ತಮ್ಮ ಅವಮಾನಗಳೆಲ್ಲ ನನಗೆ ನೇರವಾಗಿ ಅರ್ಥವಾಗುತ್ತವೆ. ಹೆತ್ತ ಮಗಳ ಮದುವೆ ನೋಡಲು ತಾಯಿಗೆ ಅನುಮತಿ ಇಲ್ಲ! ಹೆಣ್ಣು ನೋಡಲು ಬಂದವರು ಕೂಡ ನನ್ನನ್ನು ಇಷ್ಟು ಖಡಾಖಂಡಿತವಾಗಿ ನಿರಾಕರಿಸಿರಲಿಲ್ಲ. ಡಿಸ್ಕು ಮುಟ್ಟಬಹುದಾದವರದೊಂದು ಗುಂಪು ಇದೆಯೆಂದೂ, ಅದರಲ್ಲಿ ನನ್ನ ಹೆಸರಿಲ್ಲವೆಂದೂ ಅಳಿಯಂದಿರು ವಿವರಿಸಿ, ಹೆಸರು ಸೇರಿಸಿ, "ಅತ್ತೆ, ಒಂದ್ಸಲ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು, ಆಗಲೇ ಅದು ನಿಮ್ಮನ್ನ ಗುರುತಿಸೋದು" ಎಂದರು. ನಾನೂ ಅಕ್ಕನೂ ಚಪ್ಪಲಿ ಮೆಟ್ಟಿ, ಲಿಫ್ಟಿನ ಬಾಗಿಲಿನ ತನಕ ಹೋಗಿ, ಅಲ್ಲಿ ತುಸು ಹೊತ್ತು ನಿಂತು, ವಾಪಸು ಬಂದು ಗಂಟೆ ಒತ್ತಿದೆವು. ಅತ್ತೆಯನ್ನು ತಿದ್ದುವಂತಿಲ್ಲವೆಂದು ಅವರೂ ಬಲ್ಲರು. ನಾವು ಚಪ್ಪಲಿ ಬಿಡುವಷ್ಟರಲ್ಲಿ ಕಂಪ್ಯೂಟರಿನಲ್ಲಿ ಮಾಡಬೇಕಾದ್ದನ್ನು ಅವರೇ ಮಾಡಿ ಮುಗಿಸಿ, ಗಂಭೀರವಾಗಿ ಕುರ್ಚಿ ಎಳೆದುಕೊಟ್ಟರು.

ಆಮೇಲೆ ತಾವು ಸದ್ದು ಕೊಟ್ಟಿರಿ, ಚಿತ್ರ ಕೊಡಲಿಲ್ಲ. ಚಿತ್ರ ಬಿಡಿಸಿ ತೋರಿಸುವ ಯಾವುದೋ ಸಾಮಾನು ತಮ್ಮಲ್ಲಿ ಇಲ್ಲವಂತೆ, ಬೇರೆ ಕಡೆಯಿಂದ ಇಳಿಸಿಕೊಳ್ಳಬೇಕಂತೆ. ಅದು ಇಳಿಯುವವರೆಗೆ ನಾವಿಬ್ಬರೂ ಕಪ್ಪು ಪರದೆಯ ಮುಂದೆ ಕೂತು ಮದುವೆ ಕೇಳಿದೆವು. ಪಾತ್ರೆಗಳ ಸದ್ದು, ಮಗುವಿನ ಅಳು, ಯಾರೋ ಐಸ್‌ಕ್ರೀಂ ಕೇಳಿದ್ದು, ಆಮೇಲೆ ಫಟ್ ಎಂದು ಕುರ್ಚಿ, ಅದರ ಹಿಂದೆಯೇ ಒಂದು ನಗು. ನಗು ಅಂದರೆ ಸಾಮಾನ್ಯದ್ದಲ್ಲ, ನೀರಿನ ಪಂಪು ಗಾಳಿ ಹಿಡಿದಂತೆ. "ನಿಂದೇ" ಎಂದೆ. "ನಂದಲ್ಲ, ಆಗ ನಂಗೆ ಸ್ವಂತ ಹಲ್ಲಿತ್ತು, ನನ್ನ ನಗು ಹಂಗಿರ್ಲಿಲ್ಲ" ಎಂದಳು. ಹಿಂದಕ್ಕೆ ಒತ್ತಿಸಿ ಒತ್ತಿಸಿ ಆ ನಗುವನ್ನೇ ಕೇಳಿದೆವು. ಮಗಳು ಅಡುಗೆಮನೆಯಿಂದ ಬಂದು ಸದ್ದು ತಗ್ಗಿಸಿ ಹೋದಳು.

ಸಾಮಾನು ಇಳಿದು ಚಿತ್ರ ಬಂತು. ಬಂದದ್ದು ಬಂದ ಹಾಗೆ ನಾನು ಬೀಳುವ ಜಾಗದಲ್ಲೇ ನಿಂತುಹೋಯಿತು. ಆ ಡಿಸ್ಕಿನ ಮೇಲೆ ಮಗಳು ವರ್ಷಗಟ್ಟಲೆ ಲೋಟ ಇಟ್ಟು ಗೀರು ಎಬ್ಬಿಸಿದ್ದಳೆಂಬುದೂ, ಸದ್ದು ದಾಟಿದ ಗೀರನ್ನು ಚಿತ್ರ ದಾಟದೆಂಬುದೂ ಆಗ ಗೊತ್ತಾಯಿತು. ಕುರ್ಚಿ ಬಿಟ್ಟಾಗಿದೆ, ನೆಲ ಸಿಕ್ಕಿಲ್ಲ, ಎರಡು ಕೈಯೂ ಮೇಲೆ: ಹೀಗೆ ನನ್ನನ್ನು ಇಡೀ ಮಧ್ಯಾಹ್ನ ಗಾಳಿಯಲ್ಲಿ ನಿಲ್ಲಿಸಿದಿರಿ. "ಎಷ್ಟ್ ಚೆನ್ನಾಗಿ ಬೀಳ್ತಿದೀಯ ಕಣೇ" ಎಂದು ಅಕ್ಕ ಮೆಚ್ಚಿಕೊಂಡಳು. ಡಿಸ್ಕು ಹೊರಗೆ ಕೊಡಿ ಎಂದರೆ "ಸಾಧನ ಕಾರ್ಯನಿರತವಾಗಿದೆ" ಎಂದಿರಿ. ಏನೂ ಮಾಡದೆ ಕೂತು ಕಾರ್ಯನಿರತರಾಗಿರುವ ಈ ವಿದ್ಯೆಗೆ ದೊಡ್ಡ ದೊಡ್ಡ ಕಚೇರಿಗಳವರು ತಮ್ಮ ಕಾಲು ಹಿಡಿಯಬೇಕು. ಕೊನೆಗೆ ಅಳಿಯಂದಿರು ನನ್ನ ತಲೆಪಿನ್ನನ್ನೇ ಕೇಳಿ ಪಡೆದು ಡಿಸ್ಕು ಇಡುವ ತಟ್ಟೆಯ ಕೆಳಗಿನ ಸಣ್ಣ ತೂತಿಗೆ ಚುಚ್ಚಿ ತಮ್ಮ ಬಾಯಿ ಬಿಡಿಸಬೇಕಾಯಿತು.

ಮಾನ್ಯರೇ, ಇಲ್ಲಿಯವರೆಗಿನ ತಮ್ಮ ಸೇವೆಯ ಬಗ್ಗೆ ನನ್ನ ದೂರು ಏನೂ ಇಲ್ಲ. ನನ್ನ ದೂರು ಗುರುವಾರದ್ದು.

ಗುರುವಾರ ಅಳಿಯಂದಿರು ಇನ್ನೊಂದು ಬಗೆಯಲ್ಲಿ ಪ್ರತಿ ಮಾಡಲು ತಮ್ಮನ್ನು ಹಚ್ಚಿದರು. ಅದು ಓದಲಾಗದ ಜಾಗವನ್ನು ಹಾರಿಸಿ, ಓದಲಾಗುವುದನ್ನೆಲ್ಲ ಮೊದಲು ಎತ್ತಿಟ್ಟುಕೊಂಡು, ಆಮೇಲೆ ಬಿಟ್ಟುಬಂದದ್ದರ ಹತ್ತಿರ ತಿರುಗಿ ಹೋಗಿ, ಮುಂದಿನಿಂದ ಒಮ್ಮೆ ಹಿಂದಿನಿಂದ ಒಮ್ಮೆ ಕೆದಕುತ್ತದಂತೆ. ನಾವಿಬ್ಬರೂ ಎದುರಿಗೆ ಕೂತು ಬಟಾಣಿ ಸುಲಿದೆವು. "ಹಂಗೇ, ಹಂಗೇ, ಇನ್ನೊಂದ್ಸಲ ನೋಡು ಮಗಾ" ಎಂದು ಅಕ್ಕ ತಮ್ಮನ್ನು ಹುರಿದುಂಬಿಸುತ್ತಿದ್ದಳು. ನಾನು ಮನಸ್ಸಿನಲ್ಲಿ ಏನು ಬೇಡಿಕೊಂಡೆನೆಂದು ತಮಗೆ ಕೇಳಿಸಲಿಲ್ಲವೇ? ಇಷ್ಟೆಲ್ಲ ಬಲ್ಲವರಿಗೆ ಅಷ್ಟು ಬೇಡವೇ? ಸಂಜೆಯೊಳಗೆ ಪ್ರತಿಯನ್ನು ಪೂರ್ತಿ ಮಾಡಿ, ಇನ್ನೊಂದು ಖಾಲಿ ಡಿಸ್ಕಿಗೆ ಇಳಿಸಿ, ಕೇಳದಿದ್ದರೂ ಬಾಯಿ ತೆರೆದು ಕೊಟ್ಟುಬಿಟ್ಟಿರಿ.

ನೋಡಿದೆವು. ನಾನು ಬಿದ್ದೆ. ಅಕ್ಕ ತಟ್ಟೆ ಎಸೆದು ಓಡಿ ಬಂದಳು, ಚೆಲ್ಲಿದ ಐಸ್‌ಕ್ರೀಮಿನ ಮೇಲೆ ಕಾಲಿಟ್ಟಳು, ನನ್ನ ಮೇಲೆಯೇ ಬಿದ್ದಳು. ಪಂಪು ಗಾಳಿ ಹಿಡಿದಂತೆ ನಕ್ಕವಳು ನಾನು. ಆಮೇಲೆ ಅವಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಏಳಲಾರದೆ ನೆಲದ ಮೇಲೆ ಹೊರಳುತ್ತಿದ್ದೇವೆ, ಮದುಮಗ ಹಾರ ಸರಿಸಿಕೊಂಡು ಎತ್ತಲು ಬಂದು ಸೋಲುತ್ತಿದ್ದಾರೆ.

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಜಗಳ ಕೂತು ಏಳುವಷ್ಟರಲ್ಲಿ ಮುಗಿದುಹೋಯಿತು. ಇನ್ನು ಯಾವುದರ ಮೇಲೆ ಬಾಳುವುದು ನಾವು? ಅಕ್ಕ ಕಣ್ಣೊರೆಸಿಕೊಂಡು, "ಸರಿ ಬಿಡು, ಆಯ್ತಲ್ಲ" ಎಂದು ಎದ್ದು ಹೋಗಿ ಬಟ್ಟೆ ಮಡಚತೊಡಗಿದಳು. ಮುಂದಿನ ತಿಂಗಳ ಮೊದಲ ದಿನದ ಬಸ್ಸಿಗೆ ಅವಳ ಸೀಟು ಕಾದಿರಿಸಿದ್ದಾಯಿತು. ಇಂದು ಬೆಳಿಗ್ಗೆ ಈರುಳ್ಳಿ ಸುಟ್ಟು ಕರಿಯಾದರೂ ಯಾರೂ ಏನೂ ಅನ್ನಲಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಕೊಟ್ಟ ಅನುಮತಿಯನ್ನು ಹಿಂದಿನ ತಾರೀಖಿನಿಂದಲೇ ರದ್ದು ಮಾಡಬೇಕು, ನನ್ನ ಹೆಸರನ್ನು ಗುಂಪಿನಿಂದ ಹೊಡೆದು ಹಾಕಬೇಕು, ಅಕ್ಕನ ಮಗನ ಮನೆಯ ಯಂತ್ರದಲ್ಲಿ ತಮ್ಮ ನೆಂಟರು ಯಾರಾದರೂ ಕೂತಿದ್ದರೆ, ಈ ಪ್ರತಿಯನ್ನು ಕಂಡ ಕೂಡಲೇ ಉಗುಳಿ, ಮೂಲ ಡಿಸ್ಕು ಇರುವ ಮನೆಗೇ ಹೋಗಿ ನೋಡತಕ್ಕದ್ದೆಂದು ಅವಳಿಗೆ ಆಜ್ಞೆ ಮಾಡುವಂತೆ ಅವರಿಗೆ ಬರೆಯಬೇಕು.

ಗುರುವಾರ ಸಂಜೆಯವರೆಗೆ ಮಾತ್ರ
ತಮ್ಮ ವಿಶ್ವಾಸಿಯಾಗಿದ್ದ,
ಲಿಫ್ಟ್ ರಿಪೇರಿಯವರ ಅತ್ತೆ

ತಾ.ಕ.: ಇದನ್ನು ಯಾರೂ ಗಟ್ಟಿಯಾಗಿ ಓದಕೂಡದು. ತಮ್ಮನ್ನು ನಂಬಿ ಕೂತರೆ ಆಗದೆಂದು, ಈಗ ತಾನೇ ಹೋಗಿ ಅಕ್ಕನಿಗೆ ಹೇಳಿ ಬಂದೆ: ಮದುವೆಯದು ಎರಡನೇ ಭಾಗದ ಡಿಸ್ಕೂ ಒಂದಿದೆ, ಅದರಲ್ಲಿ ನೀನು ಬೀಗರ ಮುಂದೆ ನನ್ನನ್ನು ಜಿಪುಣಿ ಅಂದದ್ದು ಸ್ಪಷ್ಟವಾಗಿ ಕೇಳಿಸುತ್ತದೆ. "ನಾನಾ? ನಿನ್ನನ್ನಾ? ತೋರ್ಸು ನೋಡೋಣ, ತೋರ್ಸದೆ ನಾನು ಈ ಮನೆ ಬಿಟ್ಟು ಕದಲೋದಿಲ್ಲ" ಎಂದು ಚೀಲದಿಂದ ಬಟ್ಟೆಯೆಲ್ಲ ಹೊರಗೆ ತೆಗೆಯುತ್ತಿದ್ದಾಳೆ. ನಾಳೆ ತಮ್ಮ ಬಾಯಿಗೆ ಬರುವ ಆ ಡಿಸ್ಕಿನಲ್ಲಿರುವುದು ಆಸ್ಪತ್ರೆಯವರು ಕೊಟ್ಟ ನನ್ನ ಮಂಡಿಯ ಸ್ಕ್ಯಾನು. ತಮಗೆ ಗೊತ್ತಿರುವ ಅಡ್ಡಿಗಳನ್ನೆಲ್ಲ ಒಂದೊಂದಾಗಿ, ನಿಧಾನವಾಗಿ, ಅಕ್ಕನಿಗೆ ಕಾಣುವಂತೆ ದಪ್ಪ ಅಕ್ಷರದಲ್ಲಿ ಹೇಳತಕ್ಕದ್ದು. ಒಪ್ಪಿಗೆಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಕೊಡಿ.