ಕೆಂಪು ದೀಪದ ಕೆಳಗೊಂದು ನಮಸ್ಕಾರ

ಬೈಲಹೊಂಗಲದಲ್ಲಿ ನಾಲ್ಕು ರಸ್ತೆ ಕೂಡುವ ಆ ಜಾಗದಲ್ಲಿ ಸಿಗ್ನಲ್ ದೀಪ ನೆಟ್ಟವನು ಯಾರೋ ಏನೋ, ಜನ್ಮದಲ್ಲಿ ಒಮ್ಮೆಯೂ ಕಾರಿನಲ್ಲಿ ಕೂತವನಂತೂ ಅಲ್ಲ. ರಸ್ತೆಗೆ ಬಿಳಿ ಗೆರೆ ಎಳೆದು, ಸರಿಯಾಗಿ ಆ ಗೆರೆಯ ನೆತ್ತಿಯ ಮೇಲೆ ಕಬ್ಬಿಣದ ತೋಳು ಚಾಚಿ, ಅದಕ್ಕೆ ದೀಪ ತೂಗಿಬಿಟ್ಟಿದ್ದ. ಹಿಂದೆ ನಿಂತ ಕಬ್ಬಿನ ಟ್ರ್ಯಾಕ್ಟರಿನವನಿಗೆ ದೀಪ ಚಂದ ಕಾಣುತ್ತಿತ್ತು. ಸೈಕಲ್ಲಿನವನಿಗೂ ಕಾಣುತ್ತಿತ್ತು. ಗೆರೆಯ ಹತ್ತಿರ ಮೊದಲಿಗನಾಗಿ ನಿಂತ ಸಣ್ಣ ಕಾರಿನವನು ಮಾತ್ರ, ತುಸು ಎತ್ತರದವನಾದರೆ, ತನ್ನ ಕಾರಿನ ತಗಡನ್ನೇ ನೋಡುತ್ತ ಕೂರಬೇಕು.

ಅದರಲ್ಲೂ ಪರಶುವಿನಂಥವನ ಗತಿ ಏನು ಹೇಳುವುದು! ಆರಡಿ ಮೀರಿದ ಆಳು. ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಅವನದು. ರಿಪೇರಿಯಾದ ಮೋಟಾರುಗಳನ್ನು ಹಳ್ಳಿಗಳಿಗೆ ಮುಟ್ಟಿಸಲೆಂದು ಒಂದು ಹಳೆಯ ಸಣ್ಣ ಕಾರು ಕೊಂಡಿದ್ದ. ಅದರೊಳಗೆ ಅವನು ಕೂತರೆ ಮೊಣಕಾಲು ಎದೆಗೆ, ತಲೆ ಛಾವಣಿಗೆ. ಸಿಗ್ನಲ್ ನೋಡಬೇಕೆಂದರೆ ಎರಡೂ ಕೈ ಸ್ಟೇರಿಂಗಿನ ಮೇಲ್ತುದಿಯಲ್ಲಿ ಕೂಡಿಸಿ, ಅದರ ಮೇಲೆ ಗದ್ದ ಊರಿ, ಗಾಜಿನ ಅಂಚಿನಿಂದ ಮೇಲಕ್ಕೆ ಕಣ್ಣು ಹೊರಳಿಸಬೇಕು. ಊರಿಗೆ ಸಿಗ್ನಲ್ ದೀಪ ಬಂದಾಗಿನಿಂದ ಅವನ ಸೊಂಟಕ್ಕೆ ಎಣ್ಣೆ ತಿಕ್ಕುವುದು ಹೆಂಡತಿ ಯಶೋಧಾಳ ರಾತ್ರಿಯ ಕೆಲಸವಾಗಿಬಿಟ್ಟಿತ್ತು.

ಇಷ್ಟೇ ಆಗಿದ್ದರೆ ಸೊಂಟನೋವಿನ ಕತೆಯಾಗಿ ಮುಗಿಯುತ್ತಿತ್ತು. ಆದರೆ ಪರಶುವಿಗೊಬ್ಬ ಅಣ್ಣನಿದ್ದ, ಲಗಮಣ್ಣ. ನವಿಲುತೀರ್ಥದ ನೀರಾವರಿ ಆಫೀಸಿನಲ್ಲಿ ಜೀಪು ಓಡಿಸಿ ನಿವೃತ್ತನಾದವನು. ಅವನೂ ಅಷ್ಟೇ ಎತ್ತರ. ಒಂದೇ ಊರಿನಲ್ಲಿದ್ದರೂ ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು.

ಜಗಳಕ್ಕೆ ಕಾರಣ ಒಂದು ಬಾಗಿಲು. ಪರಶು ಹೊಸ ಮನೆ ಕಟ್ಟಿಸಿದಾಗ ಗೌಂಡಿ ಗಿಡ್ಡನಿದ್ದ, ತನ್ನ ಅಳತೆಗೆ ಬಾಗಿಲು ಕೂರಿಸಿಬಿಟ್ಟಿದ್ದ. ಮನೆ ತೆರೆದ ದಿನ ಲಗಮಣ್ಣ ಠೀವಿಯಿಂದ ಒಳಗೆ ಬಂದು ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಬಂದ ಜನರೆಲ್ಲ ನಕ್ಕರು. ಪರಶುವೂ ನಕ್ಕು, "ಯಣ್ಣಾ, ತಲಿ ಬಗ್ಗಿಸಿ ಬರಬೇಕಪಾ ಒಳಗ" ಎಂದ. ಅಷ್ಟೇ ಅಂದದ್ದು. ಲಗಮಣ್ಣನ ಮುಖ ಕೆಂಪಾಯಿತು. "ಹಿರೇ ಮನಷ್ಯಾ ನಾ ತಲಿ ಬಗ್ಗಿಸಬೇಕಾ? ಮೊದಲ ನೀ ಬಗ್ಗು, ಆಮ್ಯಾಲೆ ನಾ ನಿನ್ನ ಮನಿಗೆ ಬರತೇನಿ" ಎಂದು ಊಟ ಬಿಟ್ಟು ಹೋದವನು ಇತ್ತ ಮತ್ತೆ ಹಾಯಲಿಲ್ಲ.

ಈಗ ಆ ಲಗಮಣ್ಣನ ಒಬ್ಬಳೇ ಮಗಳು ಪ್ರಜ್ಞಾಳ ಮದುವೆ ಬಂದಿತ್ತು. ಪರಶುವಿಗೆ ಮಕ್ಕಳಿಲ್ಲ. ಅವನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ ಅವಳು, ಸೈಕಲ್ಲು ಕಲಿಸಿದ್ದೂ ಅವನೇ. ನಾಳಿದ್ದು ಮದುವೆ, ಇನ್ನೂ ಕರೆ ಬಂದಿರಲಿಲ್ಲ. ಮನೆಗೆ ಬಂದು ಕರೆಯದೆ ಹೋಗುವುದು ಹೇಗೆ? ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದ ಗಂಡನಿಗೆ ಯಶೋಧಾ, "ನೀವ ಹೋಗಿ ಅಣ್ಣಾರ ಕಾಲ ಮುಟ್ಟಿ ಬಂದ್ರ ಏನ ಕಡಿಮಿ ಆಗತೈತಿ?" ಎಂದರೆ, "ನಂದ ತಪ್ಪ ಏನೈತಿ? ಬಾಗ್ಲಾ ಗಿಡ್ಡ ಐತಿ, ಬಗ್ಗು ಅಂದ್ನಿ" ಎನ್ನುತ್ತಿದ್ದ. ಹಾಗಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಆ ದಿನ ಬೆಳಿಗ್ಗೆ ಪರಶು ಮುರಗೋಡಕ್ಕೆ ಒಂದು ಮೋಟಾರು ಮುಟ್ಟಿಸಲು ಹೊರಟ. ಸಿಗ್ನಲ್ಲಿನಲ್ಲಿ ಇವನದೇ ಮೊದಲ ಗಾಡಿ. ಎಂದಿನಂತೆ ಕೈ ಕೂಡಿಸಿ, ಬಗ್ಗಿ, ಗದ್ದ ಊರಿ ಮೇಲೆ ನೋಡಿದ. ಕೆಂಪು. ಬಿಸಿಲು ಕಣ್ಣಿಗೆ ಹೊಡೆದು ನೀರು ಬಂತು. ಒರೆಸಿಕೊಂಡು ಮತ್ತೆ ಬಗ್ಗಿದ. ಹಸಿರಾದೊಡನೆ ಹೋದ. ಎದುರಿಗೆ ಅಮೋಘಸಿದ್ದಪ್ಪನ ಚಹಾದಂಗಡಿಯ ಮುಂದೆ ಬಸಿಯಲ್ಲಿ ಚಹಾ ಹಿಡಿದು ತನ್ನ ಅಣ್ಣ ನಿಂತಿದ್ದ ಎಂಬುದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಮುರಗೋಡದಿಂದ ಮರಳಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಪಕ್ಕದ ಮೊಬೈಲ್ ಅಂಗಡಿಯ ಸುನೀಲ ಓಡಿ ಬಂದು ಕೈ ಹಿಡಿದುಕೊಂಡ.

"ಶಾಬಾಸ್ ಪರಶಣ್ಣಾ! ದೊಡ್ಡ ಮನಸ್ಸಪಾ ನಿಂದು."

"ಯಾಕ, ಏನಾತು?"

"ಊರಿಗೆಲ್ಲಾ ಗೊತ್ತಾಗೇತಿ. ನಡು ರಸ್ತೇದಾಗ ಅಣ್ಣಗ ಕೈ ಮುಗದು, ತಲಿ ಬಗ್ಗಿಸಿ, ಅತ್ತೀ ಅಂತಲ್ಲ!"

ಪರಶು ಕೈ ಬಿಡಿಸಿಕೊಂಡ. ಅಷ್ಟರಲ್ಲಿ ಅಮೋಘಸಿದ್ದಪ್ಪ ಚಹಾದ ಕೆಟಲಿ ಹಿಡಿದು ಬಂದೇ ಬಿಟ್ಟ. ಬೀದಿಯ ಅಂಗಡಿಗಳಿಗೆಲ್ಲ ಚಹಾ ಹಂಚುವವನು ಅವನು. ಚಹಾದ ಸಂಗಡ ಸುದ್ದಿಯನ್ನೂ ಹಂಚುತ್ತಿದ್ದ, ಸುದ್ದಿಗೆ ಸಕ್ಕರೆ ಸ್ವಲ್ಪ ಹೆಚ್ಚೇ ಹಾಕುತ್ತಿದ್ದ.

"ನಾ ಕಣ್ಣಾರೆ ನೋಡೇನ್ರೀ," ಎಂದ ಅವನು ಅಲ್ಲಿ ನೆರೆದವರಿಗೆ. "ಒಮ್ಮೆ ಬಗ್ಗಿದ. ಕಣ್ಣೀರ ಒರಸಕೊಂಡ. ಮತ್ತ ಬಗ್ಗಿದ. ಲಗಮಣ್ಣನ ಕೈಯಾನ ಬಸಿ ಗಡಗಡ ನಡಗಾಕತ್ತಿತ್ತು. ಚಹಾ ಅರ್ಧಾ ಚಲ್ಲೇ ಹೋತು."

"ಲೇ, ನಾ ಅಣ್ಣನ ನೋಡೇ ಇಲ್ಲೋ! ಸಿಗ್ನಲ್ ನೋಡಾಕತ್ತಿದ್ನಿ!"

"ಇರ್ಲಿ ಬಿಡಪಾ, ನಾಚಿಕಿ ಯಾಕ? ಅಣ್ಣಗ ಬಗ್ಗಿದಿ, ಮಂದಿಗಲ್ಲಲ್ಲ" ಎಂದು ಅಮೋಘಸಿದ್ದಪ್ಪ ಅವನ ಬೆನ್ನು ತಟ್ಟಿದ.

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಪರಶುವಿಗೆ ಹುಟ್ಟಿನಿಂದ ಬಂದಿಲ್ಲ. "ಏರ್ರಿ ಕಾರ, ತೋರಸತೇನಿ" ಎಂದು ಇಬ್ಬರನ್ನೂ ಕೂರಿಸಿಕೊಂಡು ಸಿಗ್ನಲ್ಲಿಗೆ ಹೋದ. ಗೆರೆಗೆ ಸರಿಯಾಗಿ ಕಾರು ನಿಲ್ಲಿಸಿ, ಇಳಿದು, ಸ್ಟೇರಿಂಗಿನ ಮುಂದೆ ಸುನೀಲನನ್ನು ಕೂರಿಸಿದ. "ಈಗ ಹೇಳು, ದೀಪ ಕಾಣತೈತೇನು?"

ಸುನೀಲ ನಮ್ಮ ಕಡೆಯ ಎಮ್ಮೆಯ ಕರುವಿನಷ್ಟು ಎತ್ತರದವನು. ನೆಟ್ಟಗೆ ಕೂತು, "ಬರೋಬ್ಬರಿ ಕಾಣತೈತಿ. ಕೆಂಪ ಐತಿ" ಎಂದ.

"ಬಗ್ಗದನ?"

"ಬಗ್ಗದನ."

ಹಿಂದಿನ ಸೀಟಿನಿಂದ ಅಮೋಘಸಿದ್ದಪ್ಪ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಹಸಿರು ಬಿತ್ತು. ಸುನೀಲನಿಗೆ ಕಾರು ಬಿಡಲು ಬಾರದು. ಹಿಂದಿನ ಗಾಡಿಗಳೆಲ್ಲ ಹಾರ್ನು ಬಾರಿಸಿದವು. ಪೊಲೀಸ ಸೀಟಿ ಊದುತ್ತ ಬಂದು, "ಏನ ನಡಸೀರಿ ಇಲ್ಲೆ? ಡ್ರೈವಿಂಗ್ ಕ್ಲಾಸ್ ಏನು?" ಎಂದ.

"ಸಾಹೇಬ್ರ, ನಾ ಬಗ್ಗಿಲ್ಲ ಅಂತ ತೋರಸಾಕತ್ತಿದ್ನಿ" ಎಂದ ಪರಶು.

"ಬಗ್ಗದ ಇದ್ರ ಅಷ್ಟ ಹೋತು, ಮೊದಲ ಗಾಡಿ ತಗೀರಿ!"

ಇನ್ನೊಂದು ಸುತ್ತು ಹಾಕಿ, ಈ ಸಲ ಗೆರೆಯಿಂದ ಬಹಳ ಹಿಂದೆ ನಿಲ್ಲಿಸಿದ. ಅಲ್ಲಿಂದ ದೀಪ ಕಾಣುತ್ತದೆ, ಹತ್ತಿರ ಹೋದರೆ ಕಾಣುವುದಿಲ್ಲ ಎಂದು ತೋರಿಸುವ ಹಂಚಿಕೆ. ಮುಂದೆ ಜಾಗ ಖಾಲಿ ಇದ್ದದ್ದನ್ನು ಕಂಡು ಸ್ಕೂಟರು, ಆಟೋ, ಮೇವು ಹೊತ್ತ ಚಕ್ಕಡಿ ಎಲ್ಲ ಅಲ್ಲೇ ನುಗ್ಗಿದವು. ದೀಪ ಎರಡು ಸಲ ಹಸಿರಾಗಿ ಹೋದರೂ ಇವರ ಕಾರು ಅಲ್ಲಿಂದ ಕದಲಲಿಲ್ಲ. ಚಕ್ಕಡಿಯ ಎತ್ತು ಸಾವಕಾಶ ಕಾರಿನ ಕನ್ನಡಿಯನ್ನು ನೆಕ್ಕಿತು.

ಕೊನೆಗೆ ಸುನೀಲನಿಗೇ ಕನಿಕರ ಬಂತು. ತನ್ನ ಅಂಗಡಿಯಿಂದ ಅಂಗೈಯಗಲದ ಪಾರದರ್ಶಕ ಹಾಳೆಯೊಂದನ್ನು ತಂದು ಕಾರಿನ ಮುಂಗಾಜಿನ ಮೇಲ್ತುದಿಗೆ ಅಂಟಿಸಿದ. ಅದೊಂದು ಲೆನ್ಸು. ನೆತ್ತಿಯ ಮೇಲಿನ ದೀಪ ಅದರಲ್ಲಿ ಕಡಲೆಕಾಳಿನಷ್ಟಾಗಿ ಕೆಳಗಿಳಿದು ಕಾಣುತ್ತಿತ್ತು. ಮತ್ತೆ ಗೆರೆಯ ಹತ್ತಿರ ಕಾರು ನಿಲ್ಲಿಸಿ ಪರಶು ನೆಟ್ಟಗೆ ಕೂತು ನೋಡಿದ. ಕೆಂಪು! ಹಸಿರು! ಸೊಂಟ ಬಾಗಲಿಲ್ಲ. "ಇನ್ನ ನಾ ಯಾರಿಗೂ ಬಗ್ಗಾಂವಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಆಗಲೇ ಯಶೋಧಾಳ ಫೋನು ಬಂತು.

"ಲಗೂನ ಮನಿಗೆ ಬರ್ರಿ," ಎಂದಳು. "ಭಾವಾರು ಬಂದಾರ."

ಪರಶು ಕಾರನ್ನು ಮನೆಯ ಕಡೆ ತಿರುಗಿಸಿದ. ಹೋಗುವಾಗ ಕಾರಿನಲ್ಲಿ ಸುನೀಲ, ಅಮೋಘಸಿದ್ದಪ್ಪ ಇಬ್ಬರೂ ಇದ್ದರು. ಇಳಿಯಿರಿ ಅಂದರೂ ಇಳಿಯಲಿಲ್ಲ.

ಮನೆಯೊಳಗೆ ಲಗಮಣ್ಣ ಖುರ್ಚಿಯ ಮೇಲೆ ಕೂತಿದ್ದ. ಮುಂದೆ ಸೂಸಲ, ಮಿರ್ಚಿ ಭಜಿ. ಯಶೋಧಾ ಸೆರಗಿನಿಂದ ಕಣ್ಣು ಒರೆಸುತ್ತಲೇ ಚಹಾಕ್ಕೆ ಇಟ್ಟಿದ್ದಳು. ಗಂಡನನ್ನು ಒಳಗೆ ಕರೆದು, "ಬಾಗಲದಾಗ ಅಷ್ಟ ಬಗ್ಗಿ ಬಂದ್ರು ನೋಡ್ರಿ. ಯಶೋಧಾ, ಆರಾಮ ಅದೀಯೇನವಾ ಅಂದ್ರು" ಎಂದು ಪಿಸುಗುಟ್ಟಿದಳು.

ಅಣ್ಣನಿಗೆ ಕೂದಲು ಪೂರ್ತಿ ಬೆಳ್ಳಗಾಗಿದೆ ಎಂಬುದು ಪರಶುವಿಗೆ ಆಗಲೇ ಗೊತ್ತಾದದ್ದು.

"ಕುಂದರೋ" ಎಂದ ಲಗಮಣ್ಣ, ಎಲ್ಲೋ ನೋಡುತ್ತ. "ನೀ ಬಗ್ಗಿದಿ, ನಾ ಬಂದ್ನಿ. ಮುಗೀತು. ನಾಳಿದ್ದ ಮದುವ್ಯಾಗ ಬುದ್ಧವಂದನಾ ಆಗೂ ಹೊತ್ತಿಗೆ ನೀ ನನ್ನ ಬಾಜೂಕ ನಿಂದರಬೇಕು. ಕಾಕಾ ಬರದಿದ್ರ ನಾ ಮಂಟಪಾನ ಹತ್ತೂದಿಲ್ಲ ಅಂತ ಕುಂತಾಳ ಆ ಹುಡುಗಿ."

ಪರಶು ತಲೆಯಾಡಿಸಿದ. ಅದೊಂದು ಘಳಿಗೆ ಹಾಗೆಯೇ ಮಾತಿಲ್ಲದೆ ಕಳೆದುಹೋಗಿದ್ದರೆ ಎಷ್ಟು ಚಂದವಿತ್ತು! ಆದರೆ ಬಾಗಿಲಲ್ಲಿ ನಿಂತಿದ್ದ ಅಮೋಘಸಿದ್ದಪ್ಪನಿಗೆ ತಡೆಯಲಿಲ್ಲ.

"ಹಿಂಗ ಇರಬೇಕ್ರೀ! ಸಣ್ಣಾಂವ ಸೋತ, ದೊಡ್ಡಾಂವ ಗೆದ್ದ. ಇನ್ನ ಪರಶ್ಯಾ ಜಗ್ಗಿ ಮಾತಾಡೂದಿಲ್ಲ."

ಸೋತ ಎಂಬ ಮಾತು ಪರಶುವಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

"ಯಾರ ಸೋತಾರ?" ಎಂದು ಎದ್ದ. "ನಾ ಬಗ್ಗೇ ಇಲ್ಲ! ಸಿಗ್ನಲ್ ನೋಡಾಕತ್ತಿದ್ನಿ. ಅಣ್ಣ ಅಲ್ಲಿ ನಿಂತಿದ್ದು ನನಗ ಗೊತ್ತಾ ಇರಲಿಲ್ಲ!"

"ಖರೇ ಐತ್ರಿ ಕಾಕಾ" ಎಂದ ಸುನೀಲ, ಸ್ನೇಹಿತನಿಗೆ ನೆರವಾಗುವ ಹುರುಪಿನಲ್ಲಿ. "ಈಗ ನಾ ಲೆನ್ಸ್ ಹಚ್ಚೇನಿ. ಇನ್ನ ಬಗ್ಗೂ ಪ್ರಶ್ನೇನ ಇಲ್ಲ."

ಒಲೆಯ ಮೇಲೆ ಚಹಾ ಉಕ್ಕಿತು. ಯಾರೂ ಏಳಲಿಲ್ಲ. ಲಗಮಣ್ಣ ಕೈಯಲ್ಲಿದ್ದ ಭಜಿಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ.

"ಸಿಗ್ನಲ್ ನೋಡಾಕತ್ತಿದ್ದಿ ಅನ್ನೂದು ನಂಗ ಗೊತ್ತಿಲ್ಲೇನೋ, ಖೋಡಿ?" ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ, ಅದೇ ಕೆಟ್ಟದ್ದು. "ಜನ್ಮಾ ಎಲ್ಲಾ ಸ್ಟೇರಿಂಗ್ ಹಿಡದಾಂವ ನಾನು. ನನ್ನ ಎತ್ತರದಾಂವ ಸಣ್ಣ ಗಾಡ್ಯಾಗ ಕುಂತ್ರ ದೀಪ ಹೆಂಗ ನೋಡತಾನ ಅಂತ ನನಗ್ಯಾರೂ ಹೇಳಬೇಕಾಗಿಲ್ಲ. ಬರಾಕ ಒಂದ ನೆವಾ ಬೇಕಾಗಿತ್ತು. ನೀ ಬಗ್ಗೀ ಅಂತ ಊರಾನ ಮಂದಿ ಅಂದ್ರು. ಹೌದಪಾ, ಹೌದ ಅಂತ ಬಂದ್ನಿ."

ಎದ್ದು ನಿಂತ. "ಯಶೋಧಾ, ನೀ ಬಾರವಾ ಮದುವಿಗೆ" ಎಂದಷ್ಟೇ ಹೇಳಿ ಹೊರಟ. ಹೋಗುವಾಗ ಬಗ್ಗುವುದನ್ನು ಮರೆತ. ಚೌಕಟ್ಟು ಹಣೆಗೆ ಖಟ್ಟನೆ ಬಡಿಯಿತು. ಯಾರೂ ನಗಲಿಲ್ಲ. ಅವನೂ ಹಣೆ ಮುಟ್ಟಿಕೊಳ್ಳದೆ ಸ್ಕೂಟರು ಹತ್ತಿದ.

ಯಶೋಧಾ ಗಂಡನ ಕಡೆ ತಿರುಗಿದಳು. "ಒಂದ ಚಹಾ ಕುಡಿಯೂತನಾ ಬಾಯಿ ಮುಚಗೊಂಡ ಕುಂದರಾಕ ಆಗಲಿಲ್ಲ ನಿಮಗ? ಮನಿಗೆ ಬಂದ ಮನಷ್ಯಾನ್ನ ಹೊಳ್ಳಿ ಕಳಿಸಿದ್ರಲ್ಲರಿ!"

ಪರಶು ಬಾಗಿಲ ಕಡೆ ನೋಡಿದ. ಎಂಥ ಕೆಲಸ ಮಾಡಿಬಿಟ್ಟೆ! ಅಣ್ಣ ಸುಳ್ಳನ್ನು ಸುಳ್ಳೆಂದು ತಿಳಿದೇ ಎದೆಗಪ್ಪಿಕೊಂಡು ಬಂದಿದ್ದ. ತಾನು ಖರೇ ಹೇಳಿ ಅವನನ್ನು ಹೊರಗೆ ಹಾಕಿದ್ದ. ಯಾವನಿಗೆ ಬೇಕಾಗಿತ್ತು ಆ ಖರೇ? ಹೊರಗೆ ಓಡಿದ. ಸಿಟ್ಟೆಲ್ಲ ಆ ಲೆನ್ಸಿನ ಮೇಲೆ ತಿರುಗಿತು. ಪರ್ರನೆ ಕಿತ್ತು ಗಟಾರಕ್ಕೆ ಎಸೆದು, ಕಾರು ಹತ್ತಿ ಅಣ್ಣನ ಬೆನ್ನು ಹತ್ತಿದ.

ಅಣ್ಣ ಸಿಗ್ನಲ್ಲಿನಲ್ಲಿ ಸಿಕ್ಕ. ಕೆಂಪು ದೀಪ. ಗೆರೆಯ ಹತ್ತಿರ ಪರಶುವಿನ ಕಾರು, ಅದರ ಮೂಗಿನ ಮುಂದೆಯೇ ಲಗಮಣ್ಣನ ಸ್ಕೂಟರು. ಇಳಿದು ಹೋಗಿ ಕಾಲು ಹಿಡಿಯೋಣವೆಂದರೆ ಎರಡೂ ಮಗ್ಗುಲಲ್ಲಿ ಬೈಕುಗಳು ಒತ್ತಿಕೊಂಡು ನಿಂತಿದ್ದವು, ಬಾಗಿಲು ತೆರೆಯಲಾಗಲಿಲ್ಲ. ಗಾಜು ಇಳಿಸಿ "ಯಣ್ಣಾ" ಎಂದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದು ಅವನಿಗೇ ಕೇಳಲಿಲ್ಲ. ಆದರೂ ಯಾಕೋ ಲಗಮಣ್ಣ ಒಮ್ಮೆ ಹೊರಳಿ ನೋಡಿದ.

ಇದೇ ಹೊತ್ತು ಎನಿಸಿತು ಪರಶುವಿಗೆ. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಜನ್ಮದಲ್ಲಿ ಮೊದಲ ಬಾರಿಗೆ ಮನಸಾರೆ ತಲೆ ಬಗ್ಗಿಸಿದ. ಹಣೆ ಸ್ಟೇರಿಂಗಿನ ನಡುವಿಗೆ ಹೋಗಿ ಊರಿತು. ಸಣ್ಣ ಕಾರು, ಉದ್ದ ಮನುಷ್ಯ, ಬೇರೆಲ್ಲಿ ಊರಬೇಕು? ಹಾರ್ನು ಒಂದೇ ಸಮನೆ ಭೋರೆಂದು ಹೊಡೆಯತೊಡಗಿತು.

ಗಾಬರಿಯಾಗಿ ತಲೆ ಎತ್ತಿದ. ಲಗಮಣ್ಣ ಇವನನ್ನೇ ನೋಡುತ್ತಿದ್ದ. ಆಮೇಲೆ ಮೇಲಕ್ಕೆ ದೀಪದ ಕಡೆ ನೋಡಿದ. ಆಗಷ್ಟೇ ಹಸಿರು ಬಿದ್ದಿತ್ತು. ಅವನು ಕಾಲೂರಿ ಸ್ಕೂಟರನ್ನು ದೂಡುತ್ತ ಪಕ್ಕಕ್ಕೆ ಸರಿದ, ತೆರೆದ ಗಾಜಿನ ಹತ್ತಿರ ಬಂದು ಬಗ್ಗಿದ.

"ಕಂಡೈತಪಾ, ನಂಗೂ ಕಂಡೈತಿ, ಹಸರ ಬಿದ್ದೈತಿ" ಎಂದ. "ಅದಕ್ಕ ಅಷ್ಟ್ಯಾಕ ಹಾರ್ನ್ ಬಾರಸತಿ? ಹೋಗು. ನಾ ಏನ ನಿನಗ ಅಡ್ಡ ಬರೂದಿಲ್ಲ."